ಟೊಮೆಟೊ ನೂರು ದಾಟಿದರೂ ರೆಪೊ ದರ ಯಾಕೆ ಏರಲಿಲ್ಲ?

2023ರ ಜುಲೈ ನೆನಪಿದೆಯಾ? ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿ, ಸಾರಿಗೆ ಹುಣಸೆಹಣ್ಣೇ ಗತಿ ಅನ್ನೋ ಹಾಗಾಗಿತ್ತು. ಆ ತಿಂಗಳ ಚಿಲ್ಲರೆ ಹಣದುಬ್ಬರ ಶೇ 7.44. ರಿಸರ್ವ್ ಬ್ಯಾಂಕಿಗೆ ಕೊಟ್ಟಿರೋ ಗುರಿ ಶೇ 4. ಎರಡು ಹೆಚ್ಚು, ಎರಡು ಕಡಿಮೆ ಆದ್ರೆ ನಡೆಯುತ್ತೆ. ಅಂದ್ರೆ ಮಿತಿ ಮೀರಿತ್ತು. ಆದರೂ ರೆಪೊ ದರ ಶೇ 6.5ರಲ್ಲೇ ನಿಂತಿತು.

ಉತ್ತರದ ಒಂದು ಭಾಗ ನಮ್ಮ ತಲೆಯೊಳಗೇ ಇದೆ. ಮುಂದೆ ಎಲ್ಲದರ ಬೆಲೆ ಏರುತ್ತೆ ಅಂತ ಜನ ನಂಬಿಬಿಟ್ಟರೆ, ಹೋಟೆಲ್‌ನವರು ಕಾಫಿಗೆ ಎರಡು ರೂಪಾಯಿ ಈಗಲೇ ಸೇರಿಸ್ತಾರೆ. ಮನೆ ಮಾಲೀಕರು ಬಾಡಿಗೆ ಏರಿಸ್ತಾರೆ. ನೀವು ಹೈಕ್ ಜಾಸ್ತಿ ಕೇಳ್ತೀರಿ, ಕಂಪನಿ ಆ ಖರ್ಚನ್ನ ಗ್ರಾಹಕರ ಮೇಲೆ ಹಾಕುತ್ತೆ. ಕೊನೆಗೆ ಬೆಲೆ ನಿಜಕ್ಕೂ ಏರುತ್ತೆ! ಈ ನಂಬಿಕೆಗೇ ಹಣದುಬ್ಬರ ನಿರೀಕ್ಷೆ ಅಂತಾರೆ.

ಇದನ್ನ ಅಳೆಯೋದು ಹೇಗೆ? ಜನರನ್ನೇ ಕೇಳಿ. ಬೆಂಗಳೂರೂ ಸೇರಿದಂತೆ ಹಲವು ನಗರಗಳ ಕುಟುಂಬಗಳನ್ನ ರಿಸರ್ವ್ ಬ್ಯಾಂಕ್ 2005ರಿಂದ ಕೇಳ್ತಾ ಬಂದಿದೆ: ಈಗ ಬೆಲೆ ಎಷ್ಟು ಏರ್ತಿದೆ ಅನ್ಸುತ್ತೆ, ಮೂರು ತಿಂಗಳ ಮೇಲೆ ಎಷ್ಟು, ವರ್ಷದ ಮೇಲೆ ಎಷ್ಟು? ಜನ ಹೇಳೋ ಸಂಖ್ಯೆ ಸಾಮಾನ್ಯವಾಗಿ ಸರ್ಕಾರಿ ಲೆಕ್ಕಕ್ಕಿಂತ ಜಾಸ್ತಿ. ಇದು ದಡ್ಡತನ ಅಲ್ಲ. ಹಾಲು, ಈರುಳ್ಳಿ, ಪೆಟ್ರೋಲ್ ಬೆಲೆ ದಿನಾ ಕಣ್ಣಿಗೆ ಬೀಳುತ್ತೆ, ಟಿ.ವಿ. ಅಗ್ಗವಾಗಿದ್ದು ಯಾರಿಗೆ ನೆನಪಿರುತ್ತೆ? ಹಾಗಾಗಿ ಸಂಖ್ಯೆಗಿಂತ ಅದು ಏರ್ತಿದೆಯಾ, ಇಳೀತಿದೆಯಾ ಅನ್ನೋದು ಮುಖ್ಯ.

ಈಗ ಟೊಮೆಟೊಗೆ ಬರೋಣ. ಬಡ್ಡಿ ಏರಿಸಿದರೆ ಕೋಲಾರದ ಹೊಲದಲ್ಲಿ ಟೊಮೆಟೊ ಬೇಗ ಹಣ್ಣಾಗಲ್ಲ. ಹೊಸ ಬೆಳೆ ಬಂದರೆ ಬೆಲೆ ತಾನಾಗೇ ಇಳಿಯುತ್ತೆ. ಇನ್ನೊಂದು ವಿಷಯ: ಆರು ಜನರ ಹಣಕಾಸು ನೀತಿ ಸಮಿತಿ ನಿರ್ಧಾರ ಪ್ರಕಟಿಸಿದ್ದು ಆಗಸ್ಟ್ 10ಕ್ಕೆ, ಜುಲೈ ಅಂಕಿ ಬಂದಿದ್ದು 14ಕ್ಕೆ. ಕೈಲಿದ್ದದ್ದು ಜೂನ್‌ನ ಶೇ 4.81 ಮಾತ್ರ. ಆದ್ರೆ ಮಾರುಕಟ್ಟೆಯ ಬೆಲೆ ಕಾಣ್ತಿತ್ತಲ್ಲ, ಜುಲೈ–ಸೆಪ್ಟೆಂಬರ್ ಅಂದಾಜನ್ನ ಶೇ 5.2ರಿಂದ 6.2ಕ್ಕೆ ಏರಿಸಿದರು. ತರಕಾರಿಯ ಬಿಸಿ ಬೇರೆ ಬೆಲೆಗಳಿಗೂ ಜನರ ನಿರೀಕ್ಷೆಗೂ ಹಬ್ಬಿದರೆ ಸುಮ್ಮನಿರಲ್ಲ ಅನ್ನೋ ಎಚ್ಚರಿಕೆಯೂ ಇತ್ತು. ಅಕ್ಟೋಬರ್ ಹೊತ್ತಿಗೆ ಹಣದುಬ್ಬರ ಶೇ 4.87ಕ್ಕೆ ಬಂತು.

2022ರ ಕತೆಯೇ ಬೇರೆ. ಉಕ್ರೇನ್ ಯುದ್ಧದಿಂದ ಎಣ್ಣೆ, ಗೋಧಿ, ಇಂಧನ ಎಲ್ಲಾ ಒಟ್ಟಿಗೆ ತುಟ್ಟಿ. ಆಗ ಸಮಿತಿ ಮೇ 4ರಂದು ವೇಳಾಪಟ್ಟಿ ಬಿಟ್ಟು ರೆಪೊ ದರವನ್ನ ಶೇ 4ರಿಂದ 4.4ಕ್ಕೆ ಏರಿಸಿತು. 2023ರ ಫೆಬ್ರುವರಿಗೆ ಅದು 6.5. ಮೂರು ತ್ರೈಮಾಸಿಕ ಗುರಿ ತಪ್ಪಿದ್ದಕ್ಕೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ವಿವರಣೆ ಪತ್ರವನ್ನೂ ಬರೀಬೇಕಾಯ್ತು. ಆ ಪತ್ರವನ್ನ ಆಗ ಜನರಿಗೆ ತೋರಿಸಲಿಲ್ಲ. ಜನರ ನಿರೀಕ್ಷೆ ಇಷ್ಟು ಮುಖ್ಯ ಅನ್ನೋರು ಅದನ್ನ ಮುಚ್ಚಿಟ್ಟಿದ್ದು ನನಗಂತೂ ಸರಿ ಅನ್ಸಲ್ಲ.

ಇಷ್ಟಕ್ಕೂ ನಮಗೇನು ಅಂತೀರಾ? ಬ್ಯಾಂಕ್‌ಗಳು 2019ರ ಅಕ್ಟೋಬರ್‌ನಿಂದ ಕೊಟ್ಟಿರೋ ಫ್ಲೋಟಿಂಗ್ ದರದ ಗೃಹ ಸಾಲಗಳು ಹೆಚ್ಚಾಗಿ ರೆಪೊಗೇ ಅಂಟಿಕೊಂಡಿವೆ. ದರ ಏರಿದರೆ ಇಎಂಐ ಏರುತ್ತೆ, ಇಲ್ಲಾ ಕಂತುಗಳ ಸಂಖ್ಯೆ ಜಾಸ್ತಿಯಾಗುತ್ತೆ. ಆ ಶೇ 6.5 ಇಳಿಯೋಕೆ 2025ರ ಫೆಬ್ರುವರಿವರೆಗೆ ಕಾಯಬೇಕಾಯ್ತು. ಸಮೀಕ್ಷೆಯ ಫಲಿತಾಂಶ ರಿಸರ್ವ್ ಬ್ಯಾಂಕ್ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಮುಂದಿನ ಸಲ ದರ ಪ್ರಕಟವಾದಾಗ, ವರ್ಷದ ಮುಂದಿನ ನಿರೀಕ್ಷೆಯ ಸಂಖ್ಯೆಯನ್ನ ಹಿಂದಿನದರ ಜೊತೆ ಹೋಲಿಸಿ ನೋಡಿ.