ಹಿಮವು ಅತಿಥಿಯಾಗಿ ಬರುವ ದ್ವೀಪ

ಹಿಮವೆಂದೊಡನೆ ನಮ್ಮವರ ಮನಸ್ಸಿಗೆ ಹಿಮಾಲಯವೇ ಹೊಳೆಯುವುದು. ಹೆಸರೇ ಹೇಳುವಂತೆ ಅದು ಹಿಮದ ಆಲಯ. ಅಲ್ಲಿಯ ಉನ್ನತ ಶಿಖರಗಳಲ್ಲಿ ಹಿಮವು ಮನೆಯೊಡೆಯನಂತೆ ವರ್ಷವೆಲ್ಲ ನೆಲಸಿರುವುದು. ಆದರೆ ಹಿಮವು ಅತಿಥಿಯಾಗಿ ಬಂದುಹೋಗುವ ನಾಡುಗಳೂ ಉಂಟು. ಬರುವ ತಿಥಿಯು ಗೊತ್ತಿಲ್ಲದವನೇ ಅತಿಥಿಯೆಂದು ಹಿರಿಯರು ಆ ಶಬ್ದಕ್ಕೆ ಅರ್ಥವನ್ನು ಹೇಳುವರು. ಅಂಥ ಅತಿಥಿಯ ದಾರಿಯನ್ನು ನೋಡುತ್ತ ಚಳಿಗಾಲವನ್ನು ಕಳೆಯುವ ಒಂದು ದ್ವೀಪದ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಉತ್ತರ ಅಮೆರಿಕದ ಭೂಪಟವನ್ನು ತೆರೆದು ಕೆನಡಾ ದೇಶದ ಪಶ್ಚಿಮದಂಚನ್ನು ನೋಡಿರಿ. ಅಲ್ಲಿ ಪೆಸಿಫಿಕ್ ಮಹಾಸಾಗರದಲ್ಲಿ, ದಡಕ್ಕೆ ಸಮೀಪವಾಗಿ, ಸುಮಾರು 450 ಕಿಲೋಮೀಟರು ಉದ್ದಕ್ಕೆ ಚಾಚಿಕೊಂಡಿರುವುದೇ ವ್ಯಾಂಕೂವರ್ ದ್ವೀಪ. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ರಾಜಧಾನಿಯಾದ ವಿಕ್ಟೋರಿಯಾ ನಗರವು ಇದರ ದಕ್ಷಿಣದ ತುದಿಯಲ್ಲಿದೆ. ವ್ಯಾಂಕೂವರ್ ಎಂಬ ದೊಡ್ಡ ಪಟ್ಟಣವಾದರೋ ದ್ವೀಪದಲ್ಲಿಲ್ಲ, ಎದುರುದಡದಲ್ಲಿದೆ; ಹೆಸರೊಂದೇ ಆದ್ದರಿಂದ ಭ್ರಮೆಗೆ ಅವಕಾಶವುಂಟು.

ಕೆನಡಾದ ಒಳನಾಡಿನ ವಿನ್ನಿಪೆಗ್ ಎಂಬ ನಗರದಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣಮಾನವು ಸೊನ್ನೆಗಿಂತ ಸುಮಾರು 16 ಡಿಗ್ರಿ ಕೆಳಗಿರುವುದು. ಅದಕ್ಕಿಂತ ಸ್ವಲ್ಪವೇ ದಕ್ಷಿಣಕ್ಕಿರುವ ವಿಕ್ಟೋರಿಯಾದಲ್ಲಿ ಅದೇ ತಿಂಗಳು ಸೊನ್ನೆಗಿಂತ ಸುಮಾರು 5 ಡಿಗ್ರಿ ಮೇಲಿರುವುದು. ಕಾರಣವು ಸಮುದ್ರವೇ. ನೆಲವು ಬೇಗನೆ ಕಾಯ್ದು ಬೇಗನೆ ಆರುವುದು. ನೀರು ನಿಧಾನವಾಗಿ ಕಾಯ್ದು ನಿಧಾನವಾಗಿ ಆರುವುದು. ಪಡುವಣ ಗಾಳಿಯು ಆ ಸಮುದ್ರದ ಹದವನ್ನು ಹೊತ್ತು ತರುವುದರಿಂದ ದ್ವೀಪದ ತೀರದಲ್ಲಿ ಚಳಿಯು ಮೃದುವಾಗಿರುವುದು. ದೇಶದ ಉಳಿದ ಭಾಗವು ಹಿಮದಲ್ಲಿ ಹೂತಿರುವಾಗ, ವಿಕ್ಟೋರಿಯಾದ ಜನರು ಚಳಿಗಾಲದ ಕೊನೆಯಲ್ಲಿ ತಮ್ಮ ತೋಟದ ಹೂಗಳನ್ನು ಎಣಿಸುವ ವಿನೋದವೊಂದನ್ನು 1976ರಿಂದ ಬೆಳೆಸಿಕೊಂಡು ಬಂದಿದ್ದಾರೆ.

ಹಾಗಾದರೆ ಇಂಥ ನಾಡಿನಲ್ಲಿ ಹಿಮವೆಲ್ಲಿಯದು? ನಮ್ಮ ಸಹ್ಯಾದ್ರಿಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಪಡುವಣ ಮೋಡಗಳು ಘಟ್ಟಕ್ಕೆ ತಾಗಿ ಆಗುಂಬೆಯಲ್ಲಿ ಸುರಿದು, ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಬರಿದಾಗುವುದಿಲ್ಲವೆ? ವ್ಯಾಂಕೂವರ್ ದ್ವೀಪದ ನಡುವೆಯೂ ಬೆನ್ನೆಲುಬಿನಂತೆ ಪರ್ವತಶ್ರೇಣಿಯಿದೆ. ಪಶ್ಚಿಮದ ಹೆಂಡರ್ಸನ್ ಸರೋವರದ ಬಳಿ ವರ್ಷಕ್ಕೆ 6,000 ಮಿಲಿಮೀಟರಿಗೂ ಮೀರಿ ಮಳೆಯಾಗುವುದು. ಬೆಟ್ಟಗಳ ಮರೆಯಲ್ಲಿರುವ ವಿಕ್ಟೋರಿಯಾದಲ್ಲಿ ಅದರ ಹತ್ತನೆಯ ಒಂದು ಪಾಲು ಬಿದ್ದರೆ ಹೆಚ್ಚು. ಮೇಲೇರಿದಂತೆ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಗಾಳಿಯು ತಣ್ಣಗಾಗುವುದು. ಆದ್ದರಿಂದ ತೀರದಲ್ಲಿ ಮಳೆಯಾಗಿ ಬೀಳುವ ನೀರೇ ಶಿಖರದಲ್ಲಿ ಹಿಮವಾಗಿ ಇಳಿಯುವುದು.

ದ್ವೀಪದ ಮಧ್ಯಭಾಗದಲ್ಲಿ ಕೋಮಾಕ್ಸ್ ಕಣಿವೆಯ ಮೇಲೆ 1,588 ಮೀಟರು ಎತ್ತರದ ವಾಷಿಂಗ್ಟನ್ ಗಿರಿಯಿದೆ. 1979ರಿಂದ ಇಲ್ಲಿ ಸ್ಕೀ ಆಟದ ವ್ಯವಸ್ಥೆಯುಂಟು. ಸ್ಕೀ ಎಂಬುದು ನಾರ್ವೆ ದೇಶದ ಮಾತು. ಸೀಳಿದ ಮರವೆಂದು ಅದರ ಮೂಲಾರ್ಥ. ಮುಂತುದಿಯು ಮೇಲಕ್ಕೆ ಬಾಗಿದ ಎರಡು ನೀಳವಾದ ಪಟ್ಟಿಗಳನ್ನು ಪಾದರಕ್ಷೆಗಳಿಗೆ ಬಿಗಿದುಕೊಂಡರೆ, ದೇಹದ ಭಾರವು ಹರಡಿಹೋಗಿ ಕಾಲು ಹಿಮದಲ್ಲಿ ಹೂಳುವುದಿಲ್ಲ. ಇಳಿಜಾರಿನಲ್ಲಿ ರಭಸದಿಂದ ಜಾರುವುದು ಒಂದು ಬಗೆ. ತಂತಿಯ ಹಗ್ಗಕ್ಕೆ ತೂಗಿದ ಪೀಠಗಳು ಆಟಗಾರರನ್ನು ಮತ್ತೆ ಮೇಲಕ್ಕೊಯ್ಯುವುವು. ಸಮನೆಲದಲ್ಲಿ ಕಾಡಿನ ನಡುವೆ ಹಾಯಾಗಿ ಸಾಗುವುದು ಇನ್ನೊಂದು ಬಗೆ. ಮಕ್ಕಳೂ ವೃದ್ಧರೂ ಅಗಲವಾದ ಹಿಮಪಾದುಕೆಗಳನ್ನು ಕಟ್ಟಿಕೊಂಡು, 1911ರಲ್ಲಿ ಸ್ಥಾಪಿತವಾದ ಸ್ಟ್ರ್ಯಾತ್‌ಕೋನಾ ಎಂಬ ರಕ್ಷಿತವನದಲ್ಲಿ ನಡೆದಾಡುವರು. ಬೆಳಗ್ಗೆ ಹಿಮದಲ್ಲಿ ಜಾರಿ, ಮಧ್ಯಾಹ್ನ ತೀರದ ಹಸುರಿನಲ್ಲಿ ಚೆಂಡಾಡಬಹುದೆಂದು ಆ ಕಣಿವೆಯವರು ಹೆಮ್ಮೆಪಡುವರು.

ಶಿಖರಕ್ಕೆ ಹೋಗಲಾರದವರಿಗೂ ವಿನೋದಕ್ಕೆ ಕೊರತೆಯಿಲ್ಲ. ಪಶ್ಚಿಮ ತೀರದ ಟೊಫೀನೋ ಊರಿನಲ್ಲಿ ಚಳಿಗಾಲದ ಬಿರುಗಾಳಿಗೆ ಏಳುವ ತೆರೆಗಳನ್ನು ನೋಡಲೆಂದೇ ಜನರು ಬರುವರು. ವಿಕ್ಟೋರಿಯಾದ ಹತ್ತಿರದ ಗೋಲ್ಡ್‌ಸ್ಟ್ರೀಮ್ ಹೊಳೆಗೆ ಶರತ್ಕಾಲದ ಕೊನೆಯಲ್ಲಿ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ಹಿಂತಿರುಗುವುವು. ಬಳಿಕ ಅವುಗಳ ಕಳೇಬರವನ್ನರಸಿ ಬಿಳಿದಲೆಯ ಹದ್ದುಗಳು ನೆರೆಯುವುವು.

ಚಳಿಯು ಮೃದುವೆಂದು ಎಚ್ಚರದಪ್ಪುವುದು ಮಾತ್ರ ಸಲ್ಲದು. ಒಣಚಳಿಗಿಂತ ತೊಯ್ದ ಬಟ್ಟೆಯೇ ಅಲ್ಲಿ ಹೆಚ್ಚು ಅಪಾಯಕರ. ಹತ್ತಿಯ ಬಟ್ಟೆಯು ನೆನೆದರೆ ಮೈಯ ಶಾಖವನ್ನು ಕಳೆಯುವುದು. ಉಣ್ಣೆಯು ನೆನೆದರೂ ತಕ್ಕಮಟ್ಟಿಗೆ ಕಾಪಾಡುವುದು. ದೊಡ್ಡ ಮರಗಳ ಬುಡದಲ್ಲಿ, ಕೊಂಬೆಗಳ ಮರೆಯಿಂದಾಗಿ, ಹಿಮವು ಗಟ್ಟಿಯಾಗಿ ಕೂಡದೆ ಟೊಳ್ಳಾಗಿರುವುದು. ಅದರೊಳಕ್ಕೆ ತಲೆಕೆಳಗಾಗಿ ಬಿದ್ದವನು ತಾನಾಗಿ ಏಳಲಾರನು. ಆದಕಾರಣ ಕಾಡಿನೊಳಗೆ ಒಬ್ಬೊಬ್ಬರೇ ಹೋಗಬಾರದೆಂದು ಬಲ್ಲವರ ಬುದ್ಧಿವಾದ.

ಇಷ್ಟಾದರೂ ಹಿಮವು ಆಟದ ಸಾಮಗ್ರಿ ಮಾತ್ರವೆಂದು ತಿಳಿದರೆ ಮುಖ್ಯ ವಿಷಯವೇ ಉಳಿದುಹೋದೀತು. ನಮ್ಮಲ್ಲಿ ಮಳೆಯು ಬೆಳೆಯ ಕಾಲಕ್ಕೆ ಬರುವುದು. ಆ ದ್ವೀಪದಲ್ಲಿ ಮಳೆಯೆಲ್ಲ ಚಳಿಗಾಲಕ್ಕೇ ಬಂದು, ಬೇಸಗೆಯು ಒಣಗಿರುವುದು. ನಮ್ಮ ಕೆರೆಗಳು ಮಾಡುವ ಕೆಲಸವನ್ನು ಅಲ್ಲಿ ಬೆಟ್ಟದ ಹಿಮವೂ ಮಾಡುವುದು. ಅದು ವಸಂತದಲ್ಲಿಯೂ ಗ್ರೀಷ್ಮದಲ್ಲಿಯೂ ಮೆಲ್ಲಮೆಲ್ಲನೆ ಕರಗಿ ಹೊಳೆಗಳನ್ನೂ ಕೋಮಾಕ್ಸ್ ಸರೋವರವನ್ನೂ ತುಂಬುವುದು. ಕಣಿವೆಯ ಜನರ ಕುಡಿಯುವ ನೀರು ಆ ಸರೋವರದ್ದು.

ಈ ಸರೋವರದ ಮೇಲೆ ಕಾಣುವ ಹಿಮನದಿಗೆ ಅಲ್ಲಿಯ ಮೂಲನಿವಾಸಿಗಳಾದ ಕೋಮಾಕ್ಸ್ ಜನರು ಕ್ವೆನೀಶ್ ಎಂದು ಹೆಸರಿಟ್ಟಿದ್ದಾರೆ. ಪೂರ್ವದಲ್ಲಿ ಮಹಾಪ್ರಳಯವಾದಾಗ ತಮ್ಮ ಹಿರಿಯರು ದೋಣಿಗಳನ್ನು ಆ ಹಿಮದ ರಾಶಿಗೆ ಹಗ್ಗದಿಂದ ಕಟ್ಟಿದರೆಂದೂ, ನೀರೇರಿದಾಗ ಅದು ಬಿಳಿಯ ತಿಮಿಂಗಿಲವಾಗಿ ತೇಲಿ ತಮ್ಮನ್ನುಳಿಸಿತೆಂದೂ ಅವರ ಕಥೆ. ಶತಪಥಬ್ರಾಹ್ಮಣದಲ್ಲಿ ಮನುವಿನ ದೋಣಿಯನ್ನು ತನ್ನ ಕೊಂಬಿಗೆ ಕಟ್ಟಿಸಿಕೊಂಡು ಉತ್ತರಗಿರಿಗೆ ಒಯ್ದ ಮತ್ಸ್ಯದ ಕಥೆಯನ್ನು ಕೇಳಿದವರಿಗೆ ಇದು ಪರಕೀಯವೆನಿಸದು. ಆ ಹಿಮನದಿಯು ಈಗ ವರ್ಷವರ್ಷಕ್ಕೂ ಕುಗ್ಗುತ್ತಿದೆ.

ಮೃದುವಾದ ಹವೆಯ ನಾಡಿನಲ್ಲಿ ಹಿಮವು ಒಂದೆರಡು ಡಿಗ್ರಿಗಳ ಅಂತರದಲ್ಲಿ ನಿಂತಿರುವುದು. ಗಾಳಿಯು ಅಷ್ಟು ಬಿಸಿಯಾದರೆ, ಗುಡ್ಡದಲ್ಲಿ ನಿಲ್ಲಬೇಕಾದ ಹಿಮವು ಮಳೆಯಾಗಿ ಆಗಲೇ ಸಮುದ್ರಕ್ಕೆ ಹರಿದುಹೋಗುವುದು. 2014–15ರ ಚಳಿಗಾಲದಲ್ಲಿ ಹಾಗೆಯೇ ಆಯಿತು. ವಾಷಿಂಗ್ಟನ್ ಗಿರಿಯಲ್ಲಿ ಹಿಮವು ಸಾಲದೆ ಆಟವು ಬಹುಮಟ್ಟಿಗೆ ನಿಂತಿತು. ಮುಂದಿನ ಬೇಸಗೆಯಲ್ಲಿ ಹೊಳೆಗಳು ಬತ್ತಿ, ದ್ವೀಪದ ಅನೇಕ ಕಡೆ ಮೀನು ಹಿಡಿಯುವುದನ್ನು ಸರಕಾರವು ತಡೆಯಬೇಕಾಯಿತು.

ಸ್ಕೀ ಪಟ್ಟಿಗಳು ಅಟ್ಟದ ಮೇಲೆಯೇ ಉಳಿದರೆ ಮಕ್ಕಳಿಗೆ ಒಂದು ವರ್ಷದ ನಿರಾಶೆ. ಬೇಸಗೆಯಲ್ಲಿ ನೀರು ಸಾಲದಿದ್ದರೆ ಮನೆಮಂದಿಗೆಲ್ಲ ಕಷ್ಟ. ಎರಡೂ ಒಂದೇ ಮೂಲದಿಂದ ಬರುವುವೆಂಬುದನ್ನು ಆ ದ್ವೀಪದವರು ಈಗ ಅನುಭವದಿಂದ ಬಲ್ಲರು. ಕೆರೆಯ ಕೋಡಿ ಬಿದ್ದುದನ್ನು ನೋಡಲು ಊರಿಗೆ ಊರೇ ಹೋಗುವ ನಮ್ಮ ಜನರಿಗೆ, ಬೆಟ್ಟದಲ್ಲಿ ಮೊದಲ ಹಿಮ ಬಿದ್ದಾಗ ಅವರಿಗಾಗುವ ಸಂತೋಷವನ್ನು ಬಿಡಿಸಿ ಹೇಳಬೇಕಾಗಿಲ್ಲ.