ಅಮ್ಮನ ಹಾಡು ತಟ್ಟೆಗೆ ಇಳಿದ ಕಥೆ

"ಗಟ್ಟಿಮೇಳ ಎಲ್ಲ ನಿಂತ ಮೇಲೆ ಮದುಮಗ ತಾಳಿ ಕಟ್ಟಿದ್ನಲ್ಲೋ! ಇದ್ಯಾವ ಸೀಮೆ ಪದ್ಧತಿ?"

ಫೋನಿನಲ್ಲಿ ಅಕ್ಕ ಹೀಗೆ ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕನಿಗೆ ಈಗ 84. ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿದ್ದಾಳೆ. ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರಿಂದ ನನ್ನ ಹಿರಿಯ ಮೊಮ್ಮಗಳ ಮದುವೆಗೆ ಬರಲಾಗಲಿಲ್ಲ. ಅಲ್ಲಿ ಮೊಬೈಲಿಗೆ ಸಿಗ್ನಲ್ ಬೇಕೆಂದರೆ ತೋಟ ದಾಟಿ ಗುಡ್ಡ ಹತ್ತಬೇಕು. ಮನೆಯಲ್ಲಿರುವುದು ಲ್ಯಾಂಡ್‌ಲೈನ್ ಫೋನು, ದಪ್ಪ ಬೆನ್ನಿನ ಹಳೆಯ ಟಿವಿ, ಅದರ ಕೆಳಗೆ ಭಾವ ಇದ್ದಾಗ ತಂದಿಟ್ಟ ಡಿವಿಡಿ ಪ್ಲೇಯರ್. ತಟ್ಟೆ ಹಾಕಿ ಗುಂಡಿ ಒತ್ತುವುದು ಅಕ್ಕನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಮದುವೆಯ ವಿಡಿಯೊವನ್ನು ಡಿವಿಡಿ ಮಾಡಿ ಕಳಿಸಿದ್ದೆ. ಜೊತೆಗೆ 2004ರಲ್ಲಿ ನಡೆದ ಅಮ್ಮನ ಸಹಸ್ರಚಂದ್ರ ದರ್ಶನದ ವಿಡಿಯೊವನ್ನೂ ಅದರಲ್ಲೇ ಸೇರಿಸಿದ್ದೆ. ಅದರಲ್ಲಿ ಅಮ್ಮ ಒಂದು ಆರತಿ ಹಾಡು ಹೇಳಿದ್ದಾಳೆ.

"ಅಮ್ಮ ಇಷ್ಟು ದಪ್ಪ ಇರಲಿಲ್ಲ ಕಣೋ" ಎಂದಳು ಅಕ್ಕ. "ದನಿಯೂ ಕೊಡಪಾನದ ಒಳಗಿಂದ ಬಂದ ಹಾಗಿದೆ. ಅಮ್ಮನ ಹಾಡು ಹೌದೋ ಅಲ್ಲವೋ ಅನ್ನಿಸಿಬಿಡ್ತು."

ಈ ಕೊನೆಯ ಮಾತು ನನ್ನನ್ನು ಚುಚ್ಚಿತು. ಅಮ್ಮ ಹೋಗಿ 15 ವರ್ಷವಾಯಿತು. ಅವಳ ದನಿ ಉಳಿದಿರುವುದು ಅದೊಂದೇ ಕಡೆ. 

ನಾನು 37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ದಿನದ ಲೆಕ್ಕ ತಾಳೆಯಾಗದೆ ಮನೆಗೆ ಹೊರಟವನಲ್ಲ. ಒಂಬತ್ತನೇ ತರಗತಿಯ ಕಿರಿಯ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲೆಕ್ಕ ಎಲ್ಲಿ ತಪ್ಪಿದೆ ಎಂದು ಹುಡುಕಲು ಹೊರಟೆ. ನಮ್ಮ ಮನೆಯಂತೆ ನಿಮ್ಮ ಮನೆಯ ಬೀರುವಿನಲ್ಲೂ ಹಳೆಯ ವಿಡಿಯೊಗಳು ಇರಬಹುದು, ಇಂಟರ್ನೆಟ್ ಇಲ್ಲದ ಅಜ್ಜಿಯೊಬ್ಬರು ಎಲ್ಲೋ ಕಾಯುತ್ತಿರಬಹುದು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಕಲಿನ ನಕಲು

ಮೊದಲ ತಪ್ಪು ಕೂಡಲೇ ಸಿಕ್ಕಿತು. ಅಮ್ಮನ ವಿಡಿಯೊ ಎಂದು ನಾನು ಬಳಸಿದ್ದು ಯಾರೋ ಮೊಬೈಲ್ ಸಂದೇಶದಲ್ಲಿ ಕಳಿಸಿದ್ದ ತುಣುಕುಗಳನ್ನು. ಹಾಗೆ ಕಳಿಸುವಾಗ ಬೇಗ ತಲುಪಲೆಂದು ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡಲಾಗುತ್ತದೆ. ನಾನು ಅದನ್ನು ಮತ್ತೊಮ್ಮೆ ಹಿಂಡಿ ಡಿವಿಡಿ ಮಾಡಿದ್ದೆ. ಜೆರಾಕ್ಸ್‌ನ ಜೆರಾಕ್ಸ್ ತೆಗೆದರೆ ಅಕ್ಷರ ಮಸುಕಾಗುವುದಿಲ್ಲವೇ? ಇದೂ ಹಾಗೆಯೇ. ಒಮ್ಮೆ ಕಳೆದುಹೋದ ವಿವರ ಮತ್ತೆ ಬರುವುದಿಲ್ಲ. ಚಿಕ್ಕ ವಿಡಿಯೊವನ್ನು ಹಿಗ್ಗಿಸಿದರೂ ಅಷ್ಟೇ. ಹಾಲಿಗೆ ನೀರು ಬೆರೆಸಿ ಹೆಚ್ಚು ಮಾಡಬಹುದು, ಕೆನೆ ಹೆಚ್ಚುವುದಿಲ್ಲ.

ಮೂಲ ಎಲ್ಲಿದೆ? ಆ ಸಮಾರಂಭವನ್ನು ಮಿನಿ ಡಿವಿ ಕ್ಯಾಸೆಟ್ಟಿನ ಕ್ಯಾಮೆರಾದಲ್ಲಿ ತೆಗೆದಿದ್ದರು. ಅಕ್ಕನ ಮಗ ಆಗಲೇ ಅದನ್ನು ಕಂಪ್ಯೂಟರಿಗೆ ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಜೋಪಾನ ಮಾಡಿದ್ದ. ಡಿವಿ ಎಂಬ ಈ ರೂಪದಲ್ಲಿ ಒಂದು ಗಂಟೆಯ ವಿಡಿಯೊ ಸುಮಾರು 13 ಜಿಬಿ ಜಾಗ ನುಂಗುತ್ತದೆ. ಅಮ್ಮನ 35 ನಿಮಿಷ ಏಳೂವರೆ ಜಿಬಿಯಷ್ಟಿತ್ತು. ಮದುವೆಯ ವಿಡಿಯೊಗಳನ್ನೂ ತೆಗೆದವರ ಫೋನಿನಿಂದಲೇ ಕೇಬಲ್ ಹಾಕಿ ಇಳಿಸಿಕೊಂಡೆವು.

ತಟ್ಟೆಯ ಅಳತೆ

ಅಮ್ಮ ದಪ್ಪಗೆ ಕಂಡದ್ದೇಕೆ? ಡಿವಿಡಿಗೆ ತನ್ನದೇ ಕಟ್ಟುನಿಟ್ಟಿನ ಅಳತೆಗಳಿವೆ. ಭಾರತದ ಟಿವಿಗಳು ನಡೆದುಬಂದದ್ದು ಪಾಲ್ ಪದ್ಧತಿಯಲ್ಲಿ. ಅದರಲ್ಲಿ ಚಿತ್ರಕ್ಕೆ ಅಡ್ಡಲಾಗಿ 720, ಮೇಲಿಂದ ಕೆಳಕ್ಕೆ 576 ಚುಕ್ಕಿಗಳು, ಸೆಕೆಂಡಿಗೆ 25 ಚಿತ್ರಗಳು. ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 720ಕ್ಕೆ 480 ಚುಕ್ಕಿಗಳು, ಸೆಕೆಂಡಿಗೆ 29.97 ಚಿತ್ರಗಳು. ನನ್ನ ಮೊದಲ ತಟ್ಟೆ ಎನ್‌ಟಿಎಸ್‌ಸಿಯಲ್ಲಿತ್ತು. ತಂತ್ರಾಂಶ ಕೇಳಿದ್ದಕ್ಕೆಲ್ಲ ಓದದೆ 'ಓಕೆ' ಒತ್ತಿದ್ದೆ. 25 ಚಿತ್ರಗಳನ್ನು ಎಳೆದು 30ರ ಲೆಕ್ಕಕ್ಕೆ ಹೊಂದಿಸಿದ್ದರಿಂದ ಜನ ಓಡಾಡುವಾಗ ಮುಗ್ಗರಿಸಿದಂತೆ ಕಾಣುತ್ತಿತ್ತು.

ಇನ್ನು ಆಕಾರ. ಹಳೆಯ ಟಿವಿಯ ಚಿತ್ರ 4:3, ಹೊಸ ಅಗಲ ಟಿವಿಯದು 16:9. ಡಿವಿಡಿಯಲ್ಲಿ ಎರಡಕ್ಕೂ ಚುಕ್ಕಿಗಳ ಸಂಖ್ಯೆ ಒಂದೇ. 'ಇದನ್ನು ಇಷ್ಟು ಅಗಲಕ್ಕೆ ತೋರಿಸು' ಎಂಬ ಚೀಟಿ ಮಾತ್ರ ಬೇರೆ. ಅಮ್ಮನ 4:3 ಚಿತ್ರಕ್ಕೆ ನಾನು 16:9ರ ಚೀಟಿ ಅಂಟಿಸಿದ್ದೆ. ಪಾಪ, ಅಮ್ಮ ಅಗಲವಾಗಿಬಿಟ್ಟಳು.

ಹಳೆಯ ಕ್ಯಾಮೆರಾಗಳು ಒಂದು ಚಿತ್ರದ ಬೆಸ ಗೆರೆಗಳನ್ನೂ ಸಮ ಗೆರೆಗಳನ್ನೂ ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರದಲ್ಲಿ ಬೇರೆಬೇರೆಯಾಗಿ ಹಿಡಿಯುತ್ತವೆ. ಇದಕ್ಕೆ ಇಂಟರ್‌ಲೇಸ್ ಎನ್ನುತ್ತಾರೆ. ಕಂಪ್ಯೂಟರ್ ಪರದೆಯಲ್ಲಿ ನೋಡಿದರೆ ಕೈ ಆಡಿಸುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಗಾಬರಿ ಬೇಡ. ಡಿವಿಡಿ, ಹಳೆಯ ಟಿವಿ ಎರಡೂ ಇದಕ್ಕೆಂದೇ ಹುಟ್ಟಿದವು, ಹಾಗೆಯೇ ಬಿಡಿ. ಗೆರೆಗಳ ಸರದಿ ಮಾತ್ರ ಮೂಲದಲ್ಲಿದ್ದಂತೆಯೇ ಇರಬೇಕು. ಡಿವಿ ಕ್ಯಾಸೆಟ್ಟಿನದಾದರೆ 'ಬಾಟಮ್ ಫೀಲ್ಡ್ ಫಸ್ಟ್' ಎಂಬುದು ಸರಿ. ಸರದಿ ತಪ್ಪಿದರೆ ಪ್ರತಿ ಚಲನೆಯೂ ಹಿಂದೆ ಮುಂದೆ ನಡುಗುತ್ತದೆ.

ಮಕ್ಕಳೇ, ಒಂದು ಪುಟ್ಟ ಲೆಕ್ಕ. ಈಗಿನ ಫೋನಿನ ಸಾಮಾನ್ಯ ವಿಡಿಯೊದಲ್ಲಿ 1920ಕ್ಕೆ 1080 ಚುಕ್ಕಿಗಳು. ಗುಣಿಸಿ, ಅದನ್ನು 720 ಗುಣಿಲೆ 576ರಿಂದ ಭಾಗಿಸಿ. ಸರಿಯಾಗಿ 5 ಬರುತ್ತದೆ! ಫೋನಿನ ಚಿತ್ರದ ಐದರಲ್ಲಿ ಒಂದು ಪಾಲು ಚುಕ್ಕಿಗಳಷ್ಟೇ ಡಿವಿಡಿಯಲ್ಲಿ ಉಳಿಯುತ್ತವೆ. ಆದ್ದರಿಂದ ಒಳ್ಳೆಯ ಡಿವಿಡಿ ಎಂದರೆ ಫೋನಿನಷ್ಟೇ ಚೆಂದ ಎಂದಲ್ಲ, ಆ ಒಂದು ಪಾಲನ್ನು ಕೆಡದಂತೆ ಉಳಿಸಿಕೊಳ್ಳುವುದು.

3,760 ಕೋಟಿಯ ಖಾತೆ

ತಟ್ಟೆಯ ಮೇಲೆ 4.7 ಜಿಬಿ ಎಂದು ಬರೆದಿದೆ. ಕಂಪ್ಯೂಟರಿಗೆ ಹಾಕಿದರೆ 4.37 ಎನ್ನುತ್ತದೆ. ಅಂಗಡಿಯವ ಟೋಪಿ ಹಾಕಿದನೆಂದು ನಾನು ಸಿಟ್ಟಾಗಿದ್ದೆ. ಮೊಮ್ಮಗಳು ಬಿಡಿಸಿ ಹೇಳಿದಳು: "ಅಜ್ಜ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತೆ. ಜಾಗ ಒಂದೇ."

4.7 ಜಿಬಿ ಅಂದರೆ 470 ಕೋಟಿ ಬೈಟ್. ಒಂದು ಬೈಟ್‌ಗೆ 8 ಬಿಟ್. ಒಟ್ಟು 3,760 ಕೋಟಿ ಬಿಟ್. ನಮ್ಮ ಖಾತೆಯಲ್ಲಿರುವ ಠೇವಣಿ ಇಷ್ಟು. ವಿಡಿಯೊ ಎಷ್ಟು ಸೆಕೆಂಡು ಓಡುತ್ತದೋ ಅಷ್ಟು ಸೆಕೆಂಡಿಗೆ ಇದನ್ನು ಹಂಚಬೇಕು. ಎರಡು ಗಂಟೆಯಾದರೆ 7,200 ಸೆಕೆಂಡು, ಸೆಕೆಂಡಿಗೆ ಸುಮಾರು 52 ಲಕ್ಷ ಬಿಟ್. ಇದಕ್ಕೆ ಬಿಟ್‌ರೇಟ್ ಎಂದು ಹೆಸರು. ಕೈಗೆ ಬಂದದ್ದು ಹೆಚ್ಚಾದಷ್ಟೂ ಚಿತ್ರ ಚೊಕ್ಕಟ.

ನಾನು ಮೊದಲು ಮಾಡಿದ್ದೇನು ಗೊತ್ತೇ? ಮದುವೆ, ಅಮ್ಮನ ಸಮಾರಂಭ ಎರಡೂ ಸೇರಿ ಮೂರೂವರೆ ಗಂಟೆಯನ್ನು ಒಂದೇ ತಟ್ಟೆಗೆ ತುರುಕಿದ್ದೆ. ಸೆಕೆಂಡಿಗೆ 30 ಲಕ್ಷವೂ ಸಿಕ್ಕಿರಲಿಲ್ಲ. ಸುಮ್ಮನೆ ಕುಳಿತವರ ಮುಖ ಅಷ್ಟರಲ್ಲೇ ಚೆನ್ನಾಗಿ ಕಾಣುತ್ತದೆ. ಆದರೆ ಎಲ್ಲರೂ ಅಕ್ಷತೆ ಎರಚುವಾಗ ಸಾವಿರ ಕಾಳು ಒಟ್ಟಿಗೆ ಹಾರುತ್ತವೆ, ಅಲ್ಲಿ ಖರ್ಚು ಜಾಸ್ತಿ. ಹಣ ಸಾಲದೆ ಚಿತ್ರವೆಲ್ಲ ಚೌಕಳಿ ಲುಂಗಿಯಂತಾಗಿತ್ತು.

ಅದಕ್ಕೆ ಈ ಸಲ ಎರಡು ತಟ್ಟೆ. ಮದುವೆಯ ವಿಡಿಯೊದಿಂದ ಊಟದ ಪಂಕ್ತಿ, ಉಡುಗೊರೆಯ ಸಾಲು ಕತ್ತರಿಸಿ 90 ನಿಮಿಷಕ್ಕೆ ಇಳಿಸಿದೆವು. 5,400 ಸೆಕೆಂಡು, ಸೆಕೆಂಡಿಗೆ 69 ಲಕ್ಷ. ಧ್ವನಿಗೆ ಎರಡೂವರೆ ಲಕ್ಷ, ಮೆನು ಮತ್ತಿತರ ಚಿಲ್ಲರೆಗೆ ಒಂದಿಷ್ಟು ಕಳೆದು ಚಿತ್ರಕ್ಕೆ 64 ಲಕ್ಷ ಇಟ್ಟೆವು. ತಂತ್ರಾಂಶದಲ್ಲಿ ಇದನ್ನು 6,400 ಕಿಲೋಬಿಟ್ ಎಂದು ನಮೂದಿಸಬೇಕು. 'ಟೂ ಪಾಸ್' ಎಂಬ ಆಯ್ಕೆ ಇದ್ದರೆ ಬಳಸಿ. ಮೊದಲ ಸುತ್ತಿನಲ್ಲಿ ಅದು ಇಡೀ ವಿಡಿಯೊ ನೋಡಿ ಎಲ್ಲಿ ಖರ್ಚು ಹೆಚ್ಚು ಎಂದು ಗುರುತು ಹಾಕಿಕೊಳ್ಳುತ್ತದೆ, ಎರಡನೇ ಸುತ್ತಿನಲ್ಲಿ ಹಂಚುತ್ತದೆ. ಸಮಯ ದುಪ್ಪಟ್ಟಾದರೂ ಫಲ ಒಳ್ಳೆಯದು.

ವಿಡಿಯೊ ಚಿಕ್ಕದೆಂದು ಬೇಕಾದಷ್ಟು ಸುರಿಯುವಂತೆಯೂ ಇಲ್ಲ. ಡಿವಿಡಿ ನಿಯಮದಂತೆ ಚಿತ್ರಕ್ಕೆ ಸೆಕೆಂಡಿಗೆ 98 ಲಕ್ಷ ಬಿಟ್ ಮೇಲ್ಮಿತಿ. ಮನೆಯಲ್ಲಿ ಬರೆದ ತಟ್ಟೆ ಆ ಅಂಚಿಗೆ ಹೋದರೆ ಹಳೆಯ ಪ್ಲೇಯರುಗಳು ತಡವರಿಸಬಹುದು. 80 ಲಕ್ಷದೊಳಗೆ ಇರುವುದು ಕ್ಷೇಮ.

ಗಟ್ಟಿಮೇಳಕ್ಕೂ ತಾಳಿಗೂ ತಾಳೆ

ಈಗ ಅಕ್ಕನ ಮೊದಲ ದೂರು. ತಪ್ಪು ಪುರೋಹಿತರದಲ್ಲ, ನನ್ನದು. ಫೋನು ಯಾವಾಗಲೂ ಒಂದೇ ವೇಗದಲ್ಲಿ ಚಿತ್ರ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ಇಳಿಸುತ್ತದೆ, ಬೆಳಕು ಬಂದಾಗ ಏರಿಸುತ್ತದೆ. ಧ್ವನಿ ಮಾತ್ರ ಒಂದೇ ವೇಗದಲ್ಲಿ ಸಾಗುತ್ತದೆ. ಎಲ್ಲ ಚಿತ್ರಗಳೂ ಸಮ ಅಂತರದಲ್ಲಿವೆ ಎಂದು ತಂತ್ರಾಂಶ ನಂಬಿಕೊಂಡರೆ ಎರಡು ಗಡಿಯಾರಗಳು ಬೇರೆಬೇರೆ ಸಮಯ ತೋರಿಸಿದಂತಾಗುತ್ತದೆ. ಶುರುವಿನಲ್ಲಿ ಸರಿಯಿದ್ದದ್ದು ಹೋಗುತ್ತಾ ಹೋಗುತ್ತಾ ಎರಡು ಸೆಕೆಂಡು ತಪ್ಪಿದ್ದನ್ನು ಮೊಮ್ಮಗಳೇ ಕಂಡುಹಿಡಿದಳು.

ಪರಿಹಾರ ಇದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆಯ್ಕೆ ಮಾಡಿ, 25 ಎಂದು ಕೊಟ್ಟು, ಮೊದಲು ವೇಗವನ್ನು ಸಮ ಮಾಡಿಕೊಳ್ಳಬೇಕು. ಇದೂ ಒಂದು ನಕಲೇ. ಆದ್ದರಿಂದ ಗುಣಮಟ್ಟವನ್ನು ಮೇಲಿನ ಮಟ್ಟದಲ್ಲಿಡಿ, ಫೈಲು ದೊಡ್ಡದಾದರೂ ಪರವಾಗಿಲ್ಲ.

ಡಿವಿಡಿಯ ಧ್ವನಿ ಸೆಕೆಂಡಿಗೆ 48,000 ಮಾದರಿಗಳದ್ದಾಗಿರಬೇಕು. ತಂತ್ರಾಂಶದಲ್ಲಿ 48 ಕಿಲೋಹರ್ಟ್ಸ್ ಎಂದಿರುತ್ತದೆ. ಮದುವೆಗೆ ಎಸಿ-3 ಎಂಬ ಹಿಂಡಿದ ರೂಪ ಸಾಕು. ಅಮ್ಮನ ತಟ್ಟೆಯಲ್ಲಿ ಜಾಗ ಧಾರಾಳವಾಗಿತ್ತು. ಹಾಗಾಗಿ ಅಲ್ಲಿ ಧ್ವನಿಯನ್ನು ಹಿಂಡದೆ ಇಡುವ ಪಿಸಿಎಂ ರೂಪವನ್ನೇ ಆರಿಸಿದೆವು. ಸೆಕೆಂಡಿಗೆ 15 ಲಕ್ಷಕ್ಕೂ ಮಿಕ್ಕಿ ಬಿಟ್ ಬೇಡುತ್ತದೆ. ಚಿತ್ರಕ್ಕೆ 70 ಲಕ್ಷ ಕೊಟ್ಟರೂ 35 ನಿಮಿಷಕ್ಕೆ ಅರ್ಧ ತಟ್ಟೆಯೂ ತುಂಬಲಿಲ್ಲ.

ಇನ್ನೊಂದು ಎಚ್ಚರಿಕೆ. ಹಿಂದಿನ ಫ್ಯಾನಿನ ಸದ್ದು ತೆಗೆಯೋಣವೆಂದು ಧ್ವನಿ ಶುದ್ಧ ಮಾಡುವ ಗುಂಡಿ ಒತ್ತಿದೆವು. ಫ್ಯಾನು ಹೋಯಿತು, ಜೊತೆಗೆ ಹಾಡಿನ ನಡುವಿನ ಅಮ್ಮನ ಉಸಿರೂ ಹೋಯಿತು. "ಬೇಡ ಅಜ್ಜ, ಫ್ಯಾನ್ ಇರಲಿ" ಎಂದಳು ಮೊಮ್ಮಗಳು. ರದ್ದು ಮಾಡಿದೆವು.

ಬರೆಯುವ ಮುನ್ನ, ಬರೆದ ಮೇಲೆ

ಫೈಲನ್ನು ಹಾಗೇ ತಟ್ಟೆಗೆ ಎಳೆದು ಹಾಕಿದರೆ ಹಳೆಯ ಪ್ಲೇಯರ್ ಓದದು. ಎಂಪೆಗ್-2 ಎಂಬ ರೂಪಕ್ಕೆ ಬದಲಿಸಿ, 'ವಿಡಿಯೊ ಟಿಎಸ್' ಎಂಬ ಕಡತದಲ್ಲಿ ಕ್ರಮವಾಗಿ ಜೋಡಿಸಬೇಕು. ಡಿವಿಡಿ ಸ್ಟೈಲರ್ ಎಂಬ ಉಚಿತ ತಂತ್ರಾಂಶ ಇದನ್ನೆಲ್ಲ ಮಾಡುತ್ತದೆ. ಮುಂದಿನದನ್ನು ನಾವು ಹೀಗೆ ಮಾಡಿದೆವು:

1. ತಟ್ಟೆಗೆ ಬರೆಯುವ ಮೊದಲು ಆ ಕಡತವನ್ನು ಕಂಪ್ಯೂಟರಿನಲ್ಲೇ ವಿಎಲ್‌ಸಿ ಪ್ಲೇಯರಿನಲ್ಲಿ ಓಡಿಸಿ ನೋಡಿದೆವು. ಶುರು, ನಡು, ಕೊನೆ ಮೂರೂ ಕಡೆ. ಧ್ವನಿ ತಪ್ಪಿದ್ದರೆ ಕೊನೆಯಲ್ಲೇ ಚೆನ್ನಾಗಿ ಗೊತ್ತಾಗುವುದು.

2. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಬೇಡವೆಂದು ಒಮ್ಮೆ ಮಾತ್ರ ಬರೆಯುವ ಡಿವಿಡಿ-ಆರ್ ತಂದೆವು. ಹಳೆಯ ಪ್ಲೇಯರಿಗೆ ಅದನ್ನು ಓದುವುದು ಸುಲಭ.

3. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇರಲಿಲ್ಲ. ಹೊರಗಿನಿಂದ ಯುಎಸ್‌ಬಿಗೆ ಸಿಕ್ಕಿಸುವ ರೈಟರ್ ತಂದು, ವೇಗ 4 ಪಟ್ಟಿಗೆ ಇಳಿಸಿ, ಬರೆದದ್ದನ್ನು ಪರೀಕ್ಷಿಸುವ 'ವೆರಿಫೈ' ಆಯ್ಕೆ ಹಾಕಿ ಬರೆದೆವು.

4. ಮೇಲೆ ಕಾಗದದ ಚೀಟಿ ಅಂಟಿಸಲಿಲ್ಲ. ಅದು ಸುರುಟಿಕೊಂಡರೆ ತಟ್ಟೆ ಓಲಾಡುತ್ತದೆ. ತಟ್ಟೆಗೆ ಬರೆಯುವ ಮೆತ್ತನೆ ತುದಿಯ ಮಾರ್ಕರಿನಿಂದಲೇ ಹೆಸರು ಬರೆದೆವು.

5. ಮೂಲ ಫೈಲುಗಳನ್ನು ಅಳಿಸದೆ ಎರಡು ಬೇರೆ ಹಾರ್ಡ್ ಡಿಸ್ಕುಗಳಲ್ಲಿ ಇಟ್ಟೆವು. ಬ್ಯಾಂಕಿನಲ್ಲಿ ಮನೆಯ ಪತ್ರ ತಿಜೋರಿಯಲ್ಲಿರುತ್ತದೆ, ಕೈಯಲ್ಲಿ ಓಡಾಡುವುದು ಜೆರಾಕ್ಸ್. ಡಿವಿಡಿ ನೋಡಲಿಕ್ಕಿರುವ ಪ್ರತಿ ಅಷ್ಟೇ.

ಅಕ್ಕನ ಮನೆಯಲ್ಲಿ

ಈ ಸಲ ಅಂಚೆಗೆ ಹಾಕಲಿಲ್ಲ. ಮೊಮ್ಮಗಳ ಜೊತೆ ನಾನೇ ಹೋದೆ. ತಟ್ಟೆ ಸರಿಯಾಗಿದೆ ಎಂದು ಗೊತ್ತಾಗುವುದು ನೋಡುವವರ ಪ್ಲೇಯರಿನಲ್ಲೇ ತಾನೆ?

ಗಟ್ಟಿಮೇಳವೂ ತಾಳಿಯೂ ಒಟ್ಟಿಗೇ ಆದವು. ಅಕ್ಕ ಇದ್ದಲ್ಲಿಂದಲೇ ಟಿವಿಯ ಕಡೆಗೆ ಎರಡು ಕಾಳು ಅಕ್ಷತೆ ಹಾಕಿದಳು. ಆಮೇಲೆ ಅಮ್ಮನ ತಟ್ಟೆ. ಕೆಂಪಂಚಿನ ಸೀರೆ, ಕಿರಿದಾದ ಮುಖ, ಅದೇ ಅಮ್ಮ. ಹಾಡಿನ ಎರಡನೇ ನುಡಿಗೆ ಬರುವಾಗ ಅಮ್ಮ ಕೆಮ್ಮಿ ನಿಲ್ಲಿಸುತ್ತಾಳೆ. ಆಗ ಕ್ಯಾಮೆರಾದ ಆಚೆಯಿಂದ ಗಂಡು ದನಿಯೊಂದು ಮೆಲ್ಲಗೆ ಕೇಳಿಸಿತು: "ನೀರು ಕೊಡ್ರೇ ಅವರಿಗೆ."

ಅಕ್ಕ ನೆಟ್ಟಗೆ ಕುಳಿತಳು. ಅದು ಭಾವನ ದನಿ. ಅವರು ಹೋಗಿ ಎಂಟು ವರ್ಷ. ಮೊದಲಿನ ತಟ್ಟೆಯ ಗೊರಗೊರ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಿರಲಿಲ್ಲ. ಮನೆಯಲ್ಲಿ ಹತ್ತು ಸಲ ಓಡಿಸಿ ನೋಡಿದಾಗಲೂ ನಾವು ಅಮ್ಮನ ಹಾಡನ್ನೇ ಕೇಳುತ್ತಿದ್ದೆವು.

"ಪುಟ್ಟಿ, ಅದನ್ನ ಸ್ವಲ್ಪ ಹಿಂದಕ್ಕೆ ಓಡಿಸು" ಎಂದಳು ಅಕ್ಕ.

ಮೊಮ್ಮಗಳು ಓಡಿಸಿದಳು. ಮತ್ತೊಮ್ಮೆ ಎಂದಳು. ಮತ್ತೆ ಓಡಿಸಿದಳು. ಹೊರಗೆ ಮಳೆ ಶುರುವಾಗಿತ್ತು. ಕರೆಂಟು ಹೋಗುವವರೆಗೂ ನಾವು ಅಲ್ಲೇ ಕುಳಿತಿದ್ದೆವು.