ಪಂದ್ಯದ ಕಾರಿನ ಅನಿಲ ಸಿಲಿಂಡರೂ ಅದರ ಹೀಟರೂ

ನಮ್ಮ ನೀಲಗಿರಿಯ ಚಳಿಗಾಲದ ಮುಂಜಾನೆಗಳಲ್ಲಿ ಅಡುಗೆ ಅನಿಲದ ಒಲೆಯ ಉರಿಯು ಒಮ್ಮೊಮ್ಮೆ ಕುಗ್ಗುವುದನ್ನು ತಾಯಂದಿರು ಕಂಡಿರಬಹುದು. ಸಿಲಿಂಡರಿನಲ್ಲಿ ಅನಿಲವು ಮುಗಿದಿರುವುದಿಲ್ಲ. ಚಳಿಯಿಂದ ಅದರ ಒತ್ತಡವು ತಗ್ಗಿರುತ್ತದೆ, ಅಷ್ಟೆ. ಇದೇ ತೊಡಕು ಅಮೆರಿಕದ ಮೋಟಾರು ಪಂದ್ಯಗಳಲ್ಲಿಯೂ ಉಂಟಾಗುವುದು. ಅಲ್ಲಿ ಅದಕ್ಕೆ ಕಂಡುಕೊಂಡಿರುವ ಉಪಾಯವಾವುದು, ಆ ಉಪಾಯವೇ ಕೈಕೊಟ್ಟಾಗ ದೋಷವನ್ನು ಹುಡುಕುವ ಬಗೆ ಯಾವುದು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಡ್ರ್ಯಾಗ್ ರೇಸ್ ಎಂಬ ಪಂದ್ಯದಲ್ಲಿ ಕಾರುಗಳು ನೇರವಾದ ದಾರಿಯ ಮೇಲೆ ಸಾಮಾನ್ಯವಾಗಿ ಕಾಲು ಮೈಲಿ, ಎಂದರೆ ಸುಮಾರು 402 ಮೀಟರು, ಓಡುತ್ತವೆ. ಎಂಜಿನ್ನಿನಲ್ಲಿ ಹೆಚ್ಚು ಪೆಟ್ರೋಲನ್ನು ಉರಿಸಬೇಕಾದರೆ ಹೆಚ್ಚು ಆಮ್ಲಜನಕವೂ ಬೇಕಷ್ಟೆ. ಅದಕ್ಕಾಗಿ ಕೆಲವರು ನೈಟ್ರಸ್ ಆಕ್ಸೈಡನ್ನು ಬಳಸುವರು. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿಯು ಇದನ್ನು ಕಂಡುಹಿಡಿದನು. 1800ರಲ್ಲಿ ಹಂಫ್ರಿ ಡೇವಿಯು ಇದರ ಗುಣಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ದಂತವೈದ್ಯರು ಉಪಯೋಗಿಸುವ ‘ನಗೆ ಅನಿಲ’ವೂ ಇದೇ. ಗಾಳಿಯ ತೂಕದಲ್ಲಿ ನೂರಕ್ಕೆ 23 ಪಾಲು ಆಮ್ಲಜನಕವಿದ್ದರೆ ಇದರಲ್ಲಿ 36 ಪಾಲು ಇದೆ. ಎಂಜಿನ್ನಿನ ಕಾವಿಗೆ ಇದು ಒಡೆದು ಆ ಆಮ್ಲಜನಕವನ್ನು ಬಿಟ್ಟುಕೊಡುವುದು.

ಸಿಲಿಂಡರಿನೊಳಗೆ ಇದು ಹೆಚ್ಚಾಗಿ ದ್ರವರೂಪದಲ್ಲಿರುವುದು. ದ್ರವದ ಮೇಲೆ ತುಂಬಿದ ಆವಿಯು ಒತ್ತಡವನ್ನುಂಟುಮಾಡುವುದು. ಉಷ್ಣತೆಯು 0 ಡಿಗ್ರಿ ಸೆಂಟಿಗ್ರೇಡ್ ಇದ್ದಾಗ ಈ ಒತ್ತಡವು ಚದರ ಅಂಗುಲಕ್ಕೆ ಸುಮಾರು 450 ಪೌಂಡು. 21 ಡಿಗ್ರಿಯಲ್ಲಿ ಸುಮಾರು 760 ಪೌಂಡು. ಪಂದ್ಯದವರು ಸಾಮಾನ್ಯವಾಗಿ 900ರಿಂದ 950 ಪೌಂಡನ್ನು ಬಯಸುವರು. ಅದಕ್ಕೆ 30 ಡಿಗ್ರಿಯ ಆಸುಪಾಸಿನ ಉಷ್ಣತೆ ಬೇಕು. ಒತ್ತಡವು ತಗ್ಗಿದರೆ ಅನಿಲ ಸಾಲದೆ ಶಕ್ತಿಯು ಕುಂದುವುದು. ಮಿತಿಮೀರಿದರೆ ಅನಿಲದ ಪ್ರಮಾಣಕ್ಕೆ ಪೆಟ್ರೋಲು ಸಾಲದೆ ಎಂಜಿನ್ನು ವಿಪರೀತ ಕಾದು ಪಿಸ್ಟನ್ನುಗಳೇ ಕರಗಿಹೋಗಬಹುದು. ಆದುದರಿಂದ ಸಿಲಿಂಡರಿಗೆ ಕಂಬಳಿಯಂತೆ ವಿದ್ಯುತ್ ಹೀಟರನ್ನು ಸುತ್ತಿ, ಒತ್ತಡವು ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ಪ್ರವಾಹವನ್ನು ಕಡಿಯುವ ಸ್ವಿಚ್ಚನ್ನು ಜೋಡಿಸಿರುತ್ತಾರೆ.

ಒತ್ತಡವು ಏರದಿದ್ದರೆ ಮಾಡತಕ್ಕದ್ದೇನು? ಮೊದಲು ಸಿಲಿಂಡರನ್ನು ತೂಗಬೇಕು. ಒಳಗೆ ಸ್ವಲ್ಪ ದ್ರವವಿರುವವರೆಗೂ ಒತ್ತಡಮಾಪಕವು ಉಷ್ಣತೆಗೆ ತಕ್ಕ ಒತ್ತಡವನ್ನೇ ತೋರಿಸುವುದರಿಂದ ಉಳಿದ ಪ್ರಮಾಣವು ಅದರಿಂದ ತಿಳಿಯದು. ತೂಕವೊಂದೇ ಅದನ್ನು ಹೇಳುವುದು. ದ್ರವವೇ ಮುಗಿದಿದ್ದರೆ ಹೀಟರಿನ ತಪ್ಪೇನೂ ಇಲ್ಲ.

ತೂಕವು ಸರಿಯಿದ್ದರೆ ಬ್ಯಾಟರಿಯಿಂದ ಹೊರಟು, ತಂತಿಯು ಹೋದ ದಾರಿಯಲ್ಲೇ ಒಂದೊಂದಾಗಿ ಪರೀಕ್ಷಿಸಬೇಕು. ಫ್ಯೂಸು ಸುಟ್ಟಿದೆಯೇ? ಸ್ವಿಚ್ಚನ್ನು ಒತ್ತಿದಾಗ ರಿಲೇ ‘ಟಕ್’ ಎನ್ನುವುದೇ? ಕಾರಿನ ಲೋಹದ ಮೈಗೆ ಸೇರಿಸಿದ ತಂತಿಯ ತುದಿಯಲ್ಲಿ ಬಣ್ಣವೋ ತುಕ್ಕೋ ಅಡ್ಡಬಂದಿದೆಯೇ? ಬಳಿಕ ಹೀಟರು ಕೆಲಸಮಾಡುತ್ತಿರುವಾಗಲೇ ಅದರ ಎರಡು ತುದಿಗಳ ನಡುವೆ ವೋಲ್ಟೇಜನ್ನು ಅಳೆಯಬೇಕು. ಉದಾಹರಣೆಗೆ, 12 ವೋಲ್ಟಿನಲ್ಲಿ 20 ಆಂಪಿಯರು ಸೆಳೆಯುವ ಹೀಟರನ್ನು ತೆಗೆದುಕೊಳ್ಳೋಣ. ಅದರ ಶಕ್ತಿ 240 ವಾಟು. ಓಂ ನಿಯಮದಂತೆ ಅದರ ರೋಧ 0.6 ಓಂ. ತಂತಿಯು ತೆಳುವಾಗಿದ್ದೋ ಜೋಡಣೆ ಸಡಿಲವಾಗಿದ್ದೋ 9 ವೋಲ್ಟು ಮಾತ್ರ ತಲುಪಿದರೆ ಶಕ್ತಿಯು 135 ವಾಟಿಗೆ ಇಳಿಯುವುದು. ವೋಲ್ಟೇಜಿನಲ್ಲಿ ಕಾಲುಪಾಲು ಕಡಿಮೆಯಾದರೆ ಕಾವು ಹೆಚ್ಚುಕಡಿಮೆ ಅರ್ಧಕ್ಕೆ ಬರುವುದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಿ ನೋಡಬಹುದು. ಪೂರ್ಣ ವೋಲ್ಟೇಜು ತಲುಪಿಯೂ ಬಿಸಿಯಾಗದಿದ್ದರೆ ಒಳಗಿನ ತಂತಿಯು ತುಂಡಾಗಿದೆಯೆಂದು ತಿಳಿಯಬೇಕು. ಅಂಥ ಹೀಟರನ್ನು ಬದಲಿಸುವುದೇ ದಾರಿ.

ಬಿಸಿಯಾಗದ ಹೀಟರಿನಿಂದ ಪಂದ್ಯವೊಂದು ಕೈತಪ್ಪೀತು, ಅಷ್ಟೆ. ಆರದ ಹೀಟರಿನಿಂದ ಪ್ರಾಣಕ್ಕೇ ಅಪಾಯ. ಸ್ವಿಚ್ಚಿನ ಒಳಭಾಗಗಳು ಬೆಸೆದುಕೊಂಡರೆ ಪ್ರವಾಹವು ಕಡಿಯುವುದೇ ಇಲ್ಲ. ಇನ್ನೊಂದು ತಪ್ಪನ್ನು ಗಮನಿಸಬೇಕು. ಕೆಲವು ಕಾರುಗಳಲ್ಲಿ ಒತ್ತಡದ ಸ್ವಿಚ್ಚು ಸಿಲಿಂಡರಿನ ಕವಾಟದಿಂದ ಆಚೆಗೆ, ಕೊಳವೆಯಲ್ಲಿರುತ್ತದೆ. ಕವಾಟವನ್ನು ಮುಚ್ಚಿ ಕೊಳವೆಯನ್ನು ಬರಿದುಮಾಡಿದಾಗ ಆ ಸ್ವಿಚ್ಚಿಗೆ ಒಳಗಿನ ಒತ್ತಡವು ತಿಳಿಯುವುದೇ ಇಲ್ಲ. ಕುರುಡನಾದ ಕಾವಲುಗಾರನಂತೆ ಅದು ಹೀಟರನ್ನು ಉರಿಯಗೊಡುತ್ತಲೇ ಇರುವುದು. 36.4 ಡಿಗ್ರಿಯನ್ನು ದಾಟಿದರೆ ನೈಟ್ರಸ್ ಆಕ್ಸೈಡ್ ದ್ರವವಾಗಿ ಉಳಿಯಲಾರದು. ತುಂಬಿದ ಸಿಲಿಂಡರಿನಲ್ಲಿ ಒತ್ತಡವು ಭಯಂಕರವಾಗಿ ಏರುವುದು. ಆಗ ರಕ್ಷಣೆಗೆಂದು ಇಟ್ಟ ತೆಳುವಾದ ಲೋಹದ ಬಿಲ್ಲೆಯು ಒಡೆದು ಅನಿಲವೆಲ್ಲ ಹೊರನುಗ್ಗುವುದು. ಅದು ಕಾರಿನೊಳಗೆ ತುಂಬಿದರೆ ಕುಳಿತವರಿಗೆ ಉಸಿರುಕಟ್ಟುವುದು. ಆದುದರಿಂದ ಆ ಬಿಲ್ಲೆಯಿಂದ ಹೊರಕ್ಕೆ ಕೊಳವೆಯಿಟ್ಟಿರಬೇಕು; ಒತ್ತಡದ ಸ್ವಿಚ್ಚಿನ ಜೊತೆಗೆ ಉಷ್ಣತೆಯನ್ನು ನೋಡಿ ಆರಿಸುವ ಸ್ವಿಚ್ಚೂ ಇರಬೇಕು; ಹೀಟರು ಉರಿಯುವಾಗ ಯಾರೂ ಅದನ್ನು ಬಿಟ್ಟುಹೋಗಬಾರದು.

ಅವಸರಪಡುವವರು ಎರಡು ಅಡ್ಡದಾರಿಗಳನ್ನು ಹಿಡಿಯುತ್ತಾರೆ. ಒಂದು, ಸ್ವಿಚ್ಚನ್ನು ಬದಿಗೊತ್ತಿ ತಂತಿಯನ್ನು ನೇರವಾಗಿ ಬ್ಯಾಟರಿಗೆ ಕಟ್ಟುವುದು. ಇನ್ನೊಂದು, ಸಿಲಿಂಡರಿಗೆ ಉರಿಯನ್ನೇ ಹಿಡಿಯುವುದು. ಎರಡನ್ನೂ ಎಂದಿಗೂ ಮಾಡಬಾರದು. ಉರಿಯು ತಾಗಿದ ಕಡೆ ಸಿಲಿಂಡರಿನ ಲೋಹವು ಬಲಗುಂದುವುದು, ಒಳಗಿನ ಒತ್ತಡವು ಏರುವುದು.

ಪಂದ್ಯದ ಕಾರು ನಮ್ಮೂರಿನ ದಾರಿಗೆ ಬಾರದಿರಬಹುದು. ಸಿಲಿಂಡರು ನಮ್ಮ ಮನೆಯಲ್ಲಿಯೇ ಇದೆ. ಚಳಿಯ ದಿನ ಒಲೆಯು ಮಂಕಾದಾಗ ಅದನ್ನು ಬೆಂಕಿಯ ಬಳಿಗೆ ಒಯ್ಯುವುದಾಗಲಿ, ಅದರ ಮೇಲೆ ಕುದಿಯುವ ನೀರನ್ನು ಹೊಯ್ಯುವುದಾಗಲಿ ಸಲ್ಲದು. ಹಿರಿಯರು ಯಾರಾದರೂ ಹಾಗೆ ಮಾಡಹೊರಟರೆ, ಇದನ್ನು ಓದಿದ ಮಕ್ಕಳು ವಿನಯದಿಂದ ಕಾರಣವನ್ನು ತಿಳಿಸಿ ಅವರನ್ನು ತಡೆಯಲಿ.